ಜೇನಿನ ಬಾಟಲಿಯನ್ನು ಬೆಳಕಿಗೆ ಹಿಡಿದಾಗ

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ಹಿರಿಯರೊಬ್ಬರು 12 ಜೇನುತುಪ್ಪದ ಬಾಟಲಿಗಳನ್ನು ರಟ್ಟಿನ ಪೆಟ್ಟಿಗೆಯೊಂದರಲ್ಲಿ ಒಣಹುಲ್ಲಿನ ನಡುವೆ ಹುದುಗಿಸಿ, ಬಸ್ಸಿನಲ್ಲಿ ದಾರಿಯುದ್ದಕ್ಕೂ ತೊಡೆಯ ಮೇಲೆಯೇ ಇಟ್ಟುಕೊಂಡು ಬಂದು, ಶಿವಮೊಗ್ಗದ ದುರ್ಗಿಗುಡಿಯಲ್ಲಿರುವ ನನ್ನ ಸ್ಟುಡಿಯೋದ ಮೇಜಿನ ಮೇಲೆ ಇಳಿಸಿದರು. ಅವರ ಮಗಳು ಮನೆಯ ತುಡುವೆ ಜೇನನ್ನು ಮೊಬೈಲಿನ ಮೂಲಕ ಊರೂರಿಗೆ ಮಾರುವ ಏರ್ಪಾಡು ಮಾಡಿದ್ದಳಂತೆ. ಅದಕ್ಕೆ ಚೆಂದದ ಚಿತ್ರಗಳು ಬೇಕಾಗಿದ್ದವು. ಮದುವೆ, ಉಪನಯನ, ಶಾಲಾ ಮಕ್ಕಳ ಗುಂಪುಚಿತ್ರ, ಪಾಸ್‌ಪೋರ್ಟ್ ಅಳತೆಯ ಭಾವಚಿತ್ರ ಎಂದು ಹದಿನೈದು ವರ್ಷ ಮನುಷ್ಯರ ಮುಖಗಳನ್ನೇ ತೆಗೆಯುತ್ತ ಬಂದಿದ್ದ ನನಗೆ, ಕಣ್ಣು ಮಿಟುಕಿಸದ, ಅತ್ತಿತ್ತ ತಿರುಗದ, 'ಇನ್ನೊಂದು ತೆಗೀರಿ' ಎಂದು ಹಟ ಹಿಡಿಯದ ಬಾಟಲಿಯ ಚಿತ್ರ ಅರ್ಧ ಗಂಟೆಯ ಕೆಲಸವೆಂದೇ ತೋರಿತು.

ಮುಖಕ್ಕೆ ಬಳಸುವ ಎರಡು ಛತ್ರಿ ದೀಪಗಳನ್ನೇ ಎಡಕ್ಕೊಂದು ಬಲಕ್ಕೊಂದು 45 ಡಿಗ್ರಿಯಲ್ಲಿ ನಿಲ್ಲಿಸಿ, ಹಿಂದೆ ಬಿಳಿ ಪರದೆ ಇಳಿಬಿಟ್ಟು, ಮೊದಲ ಚಿತ್ರ ತೆಗೆದೆ. ಬಾಟಲಿಯ ಎರಡೂ ಪಕ್ಕಗಳಲ್ಲಿ ಕಡ್ಡಿಗಳನ್ನು ಎಣಿಸಬಹುದಾದಷ್ಟು ಸ್ಪಷ್ಟವಾಗಿ ಎರಡು ಛತ್ರಿಗಳು ಮೂಡಿದ್ದವು, ನಡುವೆ ಕ್ಯಾಮೆರಾ ಹಿಡಿದ ನನ್ನದೇ ಆಕಾರ ಇಣುಕುತ್ತಿತ್ತು, ಜೇನು ಮಾತ್ರ ಮಸಿಯಂತೆ ಕಪ್ಪಾಗಿತ್ತು. ಹಿರಿಯರು ಮಾನಿಟರಿನತ್ತ ಬಗ್ಗಿ ನೋಡಿ, "ಏನು ಮಾರಾಯ್ರೆ, ಇದು ಜೇನೋ, ಬೈಕಿನಿಂದ ಇಳಿಸಿದ ಆಯಿಲ್ಲೋ?" ಎಂದರು. ದೀಪಗಳನ್ನು ಹತ್ತಿರ ತಂದೆ, ದೂರ ಸರಿಸಿದೆ, ಶಕ್ತಿ ಹೆಚ್ಚಿಸಿದೆ, ಕಡಿಮೆ ಮಾಡಿದೆ. ಛತ್ರಿಗಳು ಬಾಟಲಿಯ ಮೈಮೇಲೆ ಜಾಗ ಬದಲಿಸಿದವೇ ಹೊರತು ಮಾಯವಾಗಲಿಲ್ಲ, ಜೇನೂ ಬೆಳಗಲಿಲ್ಲ. ಎರಡು ದಿನ ಬಿಟ್ಟು ಬನ್ನಿ ಎಂದು ಅವರನ್ನು ಕಳುಹಿಸಿಕೊಟ್ಟೆ.

ಆ ರಾತ್ರಿ ನನಗೆ ನೆನಪಾದದ್ದು ಸಾಗರದ ಕಡೆಯ ನಮ್ಮ ಅಜ್ಜನ ಮನೆಯ ಅಡುಗೆಮನೆ. ಮಲೆನಾಡಿನ ಹೆಂಚಿನ ಮನೆಗಳಲ್ಲಿ ಮಾಡಿನ ನಡುವೆ ಅಲ್ಲೊಂದು ಇಲ್ಲೊಂದು ಗಾಜಿನ ಹೆಂಚು ಇರುವುದನ್ನು ನೀವು ನೋಡಿರುತ್ತೀರಿ. ನಮ್ಮ ಅಡುಗೆಮನೆಗೆ ಹಗಲಿನ ಬೆಳಕೆಂದರೆ ಆ ಒಂದು ಹೆಂಚಿನಿಂದ ಹೊಗೆಯ ನಡುವೆ ಇಳಿಯುತ್ತಿದ್ದ ಕೋಲಿನಷ್ಟು ಬಿಸಿಲು ಮಾತ್ರ. ಅಜ್ಜಿ ಜೇನಿನ ಬಾಟಲಿಯಲ್ಲಿ ಮೇಣದ ಚೂರೋ ಇರುವೆಯೋ ಇದೆಯೇ ಎಂದು ನೋಡಬೇಕಾದಾಗ, "ತಮಾ, ಅದನ್ನು ಸ್ವಲ್ಪ ಬೆಳಕಿಗೆ ಹಿಡಿ" ಎನ್ನುತ್ತಿದ್ದರು. ನಾನು ಬಾಟಲಿಯನ್ನು ಆ ಬಿಸಿಲುಕೋಲಿಗೆ ಅಡ್ಡವಾಗಿ ಎತ್ತಿದರೆ, ನಾಗಂದಿಗೆಯ ಮೇಲೆ ಕಪ್ಪಗೆ ಕೂತಿದ್ದ ಜೇನು ಒಮ್ಮೆಗೇ ಕೆಂಡದಂತೆ ಬೆಳಗುತ್ತಿತ್ತು. ಗಾಜಿನ ಒಳಗಿರುವುದನ್ನು ಕಾಣಬೇಕಾದವರೆಲ್ಲರೂ ಗಾಜನ್ನು ಬೆಳಕಿಗೆ ಹಿಡಿಯುತ್ತಾರೆ; ನಾನು ಮಾತ್ರ ಇಡೀ ಮಧ್ಯಾಹ್ನ ಬೆಳಕನ್ನು ಗಾಜಿನ ಮುಖಕ್ಕೆ ಹಿಡಿದು ಕೂತಿದ್ದೆ.

ಇದರ ಹಿಂದಿನ ಲೆಕ್ಕ ಕಷ್ಟದ್ದೇನಲ್ಲ. ಮನುಷ್ಯನ ಚರ್ಮ, ಬಟ್ಟೆ, ಕಾಗದ ಮುಂತಾದವು ತಮ್ಮ ಮೇಲೆ ಬಿದ್ದ ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುತ್ತವೆ, ಆದ್ದರಿಂದ ದೀಪ ಯಾವ ಕಡೆಯಿದ್ದರೂ ಅವುಗಳ ಬಣ್ಣ ಕ್ಯಾಮೆರಾಕ್ಕೆ ಮುಟ್ಟುತ್ತದೆ. ತಿಳಿಯಾದ ಗಾಜು ಹೀಗೆ ಚದುರಿಸುವುದಿಲ್ಲ. ನೇರವಾಗಿ ಬಿದ್ದ ಬೆಳಕಿನಲ್ಲಿ ಸುಮಾರು ಶೇಕಡಾ 4ರಷ್ಟನ್ನು ಮಾತ್ರ ಅದರ ಒಂದು ಮೈ ಕನ್ನಡಿಯಂತೆ ಹಿಂದಿರುಗಿಸುತ್ತದೆ, ಉಳಿದುದರ ಬಹುಪಾಲು ಗಾಜನ್ನು ದಾಟಿ ಆಚೆಗೆ ಹೊರಟುಹೋಗುತ್ತದೆ. ಶೇಕಡಾ 4 ಎಂದರೆ ಕಡಿಮೆಯಲ್ಲವೇ ಎಂದು ಕೇಳಬಹುದು. ಆದರೆ ಉರಿಯುವ ದೀಪದ ಶೇಕಡಾ 4 ಎಂಬುದು ಮುಂಭಾಗದಿಂದ ನೋಡಿದ ಕಪ್ಪು ಜೇನಿಗಿಂತ ಎಷ್ಟೋ ಪಟ್ಟು ಪ್ರಕಾಶವಾದದ್ದು, ಹಾಗಾಗಿ ಕಣ್ಣಿಗೆ ಕಾಣುವುದು ದೀಪವೇ. ಹೀಗೆ ನೋಡಿದರೆ ಗಾಜಿಗೆ ತನ್ನದೆಂಬ ಮುಖವೇ ಇಲ್ಲ. ಅದರ ಹಿಂದೆ ಏನಿದೆ, ಸುತ್ತ ಏನಿದೆ, ಮುಂದೆ ಏನಿದೆ ಎಂಬುದೇ ಅದರ ರೂಪವಾಗುತ್ತದೆ. ಗಾಜಿನ ಚಿತ್ರ ತೆಗೆಯುವವನ ಕೆಲಸ ಈ ಸುತ್ತಲಿನದನ್ನು ಜೋಡಿಸುವುದು, ದೀಪದ ಸಂಖ್ಯೆಯನ್ನು ಹೆಚ್ಚಿಸುತ್ತ ಹೋಗುವುದರಿಂದ ಅದು ಆಗುವುದಿಲ್ಲ.

ಮರುದಿನ ಛತ್ರಿಗಳನ್ನು ಮಡಚಿಟ್ಟು, 60 ಸೆಂ.ಮೀ. ಅಗಲ 90 ಸೆಂ.ಮೀ. ಎತ್ತರದ, ಬಿಳಿ ಬಟ್ಟೆಯ ಮುಖದಿಂದ ಮೆತ್ತನೆಯ ಬೆಳಕು ಚೆಲ್ಲುವ ದೀಪದ ಪೆಟ್ಟಿಗೆಯಾದ ಸಾಫ್ಟ್‌ಬಾಕ್ಸ್ ಒಂದನ್ನೇ ಬಾಟಲಿಯ ಬೆನ್ನ ಹಿಂದೆ, ಕ್ಯಾಮೆರಾದತ್ತ ಮುಖಮಾಡಿ ನಿಲ್ಲಿಸಿದೆ. ಜೇನು ಬೆಳಗಿತು, ಛತ್ರಿಗಳು ಹೋದವು. ಆದರೆ ಬಾಟಲಿಯ ಅಂಚೂ ಅವುಗಳ ಜೊತೆಗೇ ಹೋಯಿತು. ಕತ್ತಿನ ಬಳಿ, ಜೇನಿಲ್ಲದ ಖಾಲಿ ಭಾಗದಲ್ಲಿ, ಗಾಜು ಎಲ್ಲಿ ಮುಗಿಯುತ್ತದೆ ಹಿನ್ನೆಲೆ ಎಲ್ಲಿ ಶುರುವಾಗುತ್ತದೆ ಎಂದು ಹೇಳುವಂತಿರಲಿಲ್ಲ. ಮುಚ್ಚಳ ಗಾಳಿಯಲ್ಲಿ ತೇಲುತ್ತಿದ್ದಂತೆ ಕಂಡಿತು.

ಬಿಳಿ ಹಿನ್ನೆಲೆಯಲ್ಲಿ ಗಾಜಿನ ಅಂಚು ಕಪ್ಪು ಗೆರೆಯಾಗಿ ಮೂಡುವುದು ಹೇಗೆ ಎಂಬುದನ್ನು ಅರಿತರೆ ಇದಕ್ಕೆ ಪರಿಹಾರ ತಾನೇ ತೋರುತ್ತದೆ. ದುಂಡು ಬಾಟಲಿಯ ನಡುಭಾಗದಲ್ಲಿ ಗಾಜು ಕ್ಯಾಮೆರಾಕ್ಕೆ ಎದುರಾಗಿರುತ್ತದೆ, ಅಲ್ಲಿ ನಾವು ಹೆಚ್ಚುಕಡಿಮೆ ನೇರವಾಗಿ ಹಿಂದಿರುವುದನ್ನೇ ನೋಡುತ್ತೇವೆ. ಅಂಚಿನ ಕಡೆಗೆ ಹೋದಂತೆ ಗಾಜಿನ ಮೈ ನಮ್ಮಿಂದ ಓರೆಯಾಗುತ್ತ ಹೋಗಿ, ಅಲ್ಲಿಂದ ಕ್ಯಾಮೆರಾಕ್ಕೆ ಬರುವ ಬೆಳಕು ಬಲವಾಗಿ ಬಾಗಿಯೋ ಪ್ರತಿಫಲಿಸಿಯೋ ಬಂದದ್ದಾಗಿರುತ್ತದೆ; ಅಂದರೆ ಅಂಚಿನಲ್ಲಿ ನಮಗೆ ಕಾಣುವುದು ಬಾಟಲಿಯ ಹಿಂದಿನದಲ್ಲ, ಬದಿಯದು. ಬದಿಯಲ್ಲೂ ಬಿಳಿ ಬೆಳಕೇ ಇದ್ದರೆ ಅಂಚು ಬಿಳಿಯಾಗಿ ಹಿನ್ನೆಲೆಯಲ್ಲಿ ಕರಗುತ್ತದೆ, ಬದಿಯಲ್ಲಿ ಕತ್ತಲಿದ್ದರೆ ಅಂಚು ಕಪ್ಪಾಗಿ ನಿಲ್ಲುತ್ತದೆ. ಆದ್ದರಿಂದ ಬೆಳಗುವ ಹಿನ್ನೆಲೆ ಕ್ಯಾಮೆರಾದ ಚೌಕಟ್ಟನ್ನು ತುಂಬುವಷ್ಟೇ ಇರಬೇಕು, ಅದರ ಆಚೆಗೆ ಎಲ್ಲವೂ ಕತ್ತಲಾಗಿರಬೇಕು.

ಎಷ್ಟು ದೊಡ್ಡದಿರಬೇಕು ಎಂಬುದಕ್ಕೆ ಹೈಸ್ಕೂಲಿನ ಸಮರೂಪ ತ್ರಿಭುಜಗಳೇ ಸಾಕು. ನನ್ನ ಕ್ಯಾಮೆರಾ ಬಾಟಲಿಯಿಂದ 120 ಸೆಂ.ಮೀ. ದೂರದಲ್ಲಿತ್ತು, ಆ ದೂರದಲ್ಲಿ ಚೌಕಟ್ಟಿನೊಳಗೆ ಕಾಣುತ್ತಿದ್ದದ್ದು 16 ಸೆಂ.ಮೀ. ಅಗಲ, 24 ಸೆಂ.ಮೀ. ಎತ್ತರ. ಸಾಫ್ಟ್‌ಬಾಕ್ಸ್ ಬಾಟಲಿಯಿಂದ ಇನ್ನೂ 60 ಸೆಂ.ಮೀ. ಹಿಂದೆ, ಎಂದರೆ ಕ್ಯಾಮೆರಾದಿಂದ 180 ಸೆಂ.ಮೀ. ದೂರದಲ್ಲಿದ್ದುದರಿಂದ, ಅಳತೆಗಳು ಒಂದೂವರೆ ಪಟ್ಟಾಗಿ, ಬೇಕಾದ ಬೆಳಕಿನ ಕಿಂಡಿ 24 ಸೆಂ.ಮೀ. ಅಗಲ, 36 ಸೆಂ.ಮೀ. ಎತ್ತರದ್ದಾಯಿತು. ನನ್ನ ಸಾಫ್ಟ್‌ಬಾಕ್ಸ್ ಅದಕ್ಕಿಂತ ಆರು ಪಟ್ಟು ಹೆಚ್ಚು ವಿಸ್ತಾರವಾಗಿತ್ತು. ಗಾಂಧಿ ಬಜಾರಿನಿಂದ ತಂದ ಕಪ್ಪು ಚಾರ್ಟ್ ಪೇಪರನ್ನು ನಡುವೆ ಕತ್ತರಿಸಿ, ಆ ಅಳತೆಯ ಕಿಂಡಿಯೊಂದನ್ನು ಬಿಟ್ಟು ಉಳಿದ ಬಿಳಿಯನ್ನೆಲ್ಲ ಮುಚ್ಚಿದೆ. ಮುಂದಿನ ಚಿತ್ರದಲ್ಲಿ ಬಾಟಲಿಯ ಸುತ್ತ, ಮುಚ್ಚಳದ ಕೆಳಗಿನ ತಿರುಪಿನವರೆಗೆ, ತೆಳುವಾದ ಕಪ್ಪು ಗೆರೆ ಪೆನ್ಸಿಲಿನಲ್ಲಿ ಬರೆದ ಹಾಗೆ ಮೂಡಿತು. ಇನ್ನಷ್ಟು ದಪ್ಪ ಗೆರೆ ಬೇಕೆನಿಸಿದಾಗ ಬಾಟಲಿಯ ಎರಡೂ ಪಕ್ಕದಲ್ಲಿ, ಚೌಕಟ್ಟಿಗೆ ಸಿಗದಷ್ಟೇ ಆಚೆ, ಎರಡು ಕಪ್ಪು ರಟ್ಟುಗಳನ್ನು ನಿಲ್ಲಿಸಿದೆ; ಅವನ್ನು ಒಂದೊಂದು ಬೆರಳಷ್ಟು ಹತ್ತಿರ ತಂದಂತೆಲ್ಲ ಗೆರೆ ದಪ್ಪವಾಗುತ್ತ ಬರುವುದನ್ನು ನೋಡುವುದೇ ಒಂದು ಖುಷಿ. ಹೊಸಬರು ಬೆಳಕಿಗಾಗಿ ಖರ್ಚು ಮಾಡುವ ಹಣದಲ್ಲಿ ಹತ್ತನೇ ಒಂದು ಭಾಗವನ್ನು ಕಪ್ಪು ಕಾಗದಕ್ಕೆ ಮಾಡಿದರೆ ಗಾಜಿನ ಚಿತ್ರಗಳು ಬೇಗ ಕೈಹಿಡಿಯುತ್ತವೆ ಎಂಬುದು ನನ್ನ ಅಭಿಪ್ರಾಯ. ಎಕ್ಸ್‌ಪೋಶರನ್ನು, ಎಂದರೆ ಕ್ಯಾಮೆರಾ ಒಳಕ್ಕೆ ಬಿಡುವ ಬೆಳಕಿನ ಪ್ರಮಾಣವನ್ನು, ಮಾತ್ರ ಹಿನ್ನೆಲೆಗೆ ಹೊಂದಿಸಬೇಕು: ಕ್ಯಾಮೆರಾ ತೋರಿಸುವ ಬೆಳಕಿನ ಹಂಚಿಕೆಯ ನಕ್ಷೆಯಾದ ಹಿಸ್ಟೋಗ್ರಾಂನ ಬಲತುದಿಯನ್ನು, ಎಂದರೆ ಅಚ್ಚ ಬಿಳಿಯನ್ನು, ಮುಟ್ಟಿಯೂ ಮುಟ್ಟದಂತೆ. ಅದಕ್ಕಿಂತ ಹೆಚ್ಚಾದರೆ ಬಿಳುಪು ಸುತ್ತಲೂ ಹರಡಿ ಗೆರೆಯನ್ನು ತಿಂದುಹಾಕುತ್ತದೆ. ಐಎಸ್‌ಒ 100 (ಸೆನ್ಸರಿನ ಸಂವೇದನೆ), ಎಫ್/11 (ಲೆನ್ಸಿನ ಕಿಂಡಿ), ಸೆಕೆಂಡಿನ 125ನೇ ಒಂದು ಭಾಗ (ಶಟರ್ ತೆರೆದಿರುವ ಹೊತ್ತು); ನನ್ನ ಫ್ಲ್ಯಾಶಿಗೆ ಇದು ಸರಿಹೊಂದಿತು. ದೀಪ ನೇರವಾಗಿ ಲೆನ್ಸಿನೊಳಕ್ಕೇ ನೋಡುತ್ತಿರುವುದರಿಂದ ಲೆನ್ಸಿನ ಮೂತಿಗೆ ಸಿಕ್ಕಿಸುವ ನೆರಳುಪಟ್ಟಿಯಾದ ಲೆನ್ಸ್ ಹುಡ್ ಇಲ್ಲದೆ ಈ ಕೆಲಸಕ್ಕೆ ಕೂರಬಾರದು. ಇಲ್ಲವಾದರೆ ಚಿತ್ರದ ಮೇಲೆ ಆಗುಂಬೆಯ ಮಂಜು ಕವಿದಂತಾಗುತ್ತದೆ.

ಈ ಕೆಲಸದಲ್ಲಿ ನನ್ನನ್ನು ಅಚ್ಚರಿಗೊಳಿಸಿದ್ದು ಜೇನು. ಖಾಲಿ ಬಾಟಲಿಯನ್ನು ಹೀಗೆ ನಿಲ್ಲಿಸಿದರೆ ಹೊರ ಅಂಚಿನ ಒಳಗೆ ಮತ್ತೊಂದು ಗೆರೆ, ಎಂದರೆ ಗಾಜಿನ ಒಳಮೈಯ ಗೆರೆ, ಎದ್ದು ಕಾಣುತ್ತದೆ. ನೀರು ತುಂಬಿದರೆ ಆ ಒಳಗೆರೆ ಮಸುಕಾಗುತ್ತದೆ. ಜೇನು ತುಂಬಿದರೆ ಅದು ಸಂಪೂರ್ಣ ಕಾಣೆಯಾಗಿ, ಜೇನು ಗಾಜಿನ ಹೊರಮೈವರೆಗೂ ಬಂದು ನಿಂತಂತೆ, ಬಾಟಲಿಯ ಗೋಡೆಗೆ ದಪ್ಪವೇ ಇಲ್ಲದಂತೆ ತೋರುತ್ತದೆ. ಬೆಳಕು ಒಂದು ವಸ್ತುವಿನಿಂದ ಇನ್ನೊಂದಕ್ಕೆ ದಾಟುವಾಗ ಎಷ್ಟು ಬಾಗುತ್ತದೆ ಎಂಬುದನ್ನು ಹೇಳುವ ವಕ್ರೀಭವನ ಸೂಚ್ಯಂಕ ನೀರಿಗೆ 1.33, ಸಾಮಾನ್ಯ ಗಾಜಿಗೆ ಸುಮಾರು 1.52, ಜೇನಿಗೆ ಸುಮಾರು 1.49. ಗಾಜು ಮತ್ತು ಜೇನಿನ ನಡುವೆ ಅಂತರ ಇಷ್ಟು ಕಡಿಮೆ ಇರುವುದರಿಂದ ಬೆಳಕಿಗೆ ಅಲ್ಲಿ ಗಡಿಯೊಂದಿದೆ ಎಂಬುದೇ ಹೆಚ್ಚುಕಡಿಮೆ ಗೊತ್ತಾಗುವುದಿಲ್ಲ; ಇಡೀ ಬಾಟಲಿ ಒಂದೇ ಗಟ್ಟಿ ಮಸೂರದಂತೆ ವರ್ತಿಸುತ್ತದೆ. ಮಸೂರವೆಂದ ಮೇಲೆ ಅದು ಹಿಂದಿರುವುದನ್ನು ಎಡಬಲ ಅದಲುಬದಲು ಮಾಡಿ ತೋರಿಸುತ್ತದೆ, ಮತ್ತು ಖಾಲಿ ಬಾಟಲಿಗಿಂತ ಹೆಚ್ಚು ಅಗಲದ ಜಾಗವನ್ನು ಬದಿಗಳಿಂದ ಒಳಗೆ ಎಳೆದುಕೊಳ್ಳುತ್ತದೆ. ಹೀಗಾಗಿ ತುಂಬಿದ ಬಾಟಲಿಯ ಕಪ್ಪು ಅಂಚು ಖಾಲಿ ಬಾಟಲಿಯದಕ್ಕಿಂತ ದಪ್ಪ. ಜೇನಿನ ಬಾಟಲಿಗೆ ಪಕ್ಕದ ಕಪ್ಪು ರಟ್ಟುಗಳು ಬೇಕಾಗದೆ ಅವನ್ನು ಕೊನೆಗೆ ತೆಗೆದೇಬಿಟ್ಟೆ. ಕತ್ತಿನ ಮಟ್ಟದಲ್ಲಿ ಮಾತ್ರ ಎರಡು ಪುಟ್ಟ ಚೂರುಗಳನ್ನು ಉಳಿಸಿಕೊಂಡೆ.

ಮುಂದಿನ ತೊಡಕು ಲೇಬಲ್ಲಿನದು. ಎಲ್ಲ ಬೆಳಕೂ ಹಿಂದಿನಿಂದಲೇ ಬರುವಾಗ ಮುಂದೆ ಅಂಟಿಸಿದ ಕಾಗದ ಕತ್ತಲಾಗುತ್ತದೆ, ಅದರಲ್ಲಿ ಏನು ಬರೆದಿದೆ ಎಂದು ಓದಲಾಗುವುದಿಲ್ಲ. ಅದಕ್ಕೆ ಮುಂದಿನಿಂದ ದೀಪ ಹಾಕಲೇಬೇಕು, ಹಾಕಿದರೆ ಮತ್ತೆ ಗಾಜಿನ ಮೇಲೆ ದೀಪದ ಪ್ರತಿಬಿಂಬ. ಇಲ್ಲಿ ನೆರವಾದದ್ದು ಬಾಟಲಿಯ ಆಕಾರವೇ. ನೆಟ್ಟಗೆ ನಿಂತ ದುಂಡು ಬಾಟಲಿ ಅಡ್ಡಡ್ಡಲಾಗಿ ಮಾತ್ರ ಬಾಗಿರುತ್ತದೆ, ಮೇಲೆ ಕೆಳಗೆ ಬಾಗಿರುವುದಿಲ್ಲ. ಆದ್ದರಿಂದ ಕ್ಯಾಮೆರಾದ ಎತ್ತರದಲ್ಲೇ ದೀಪವನ್ನು ಎಡಕ್ಕೋ ಬಲಕ್ಕೋ ಎಷ್ಟು ಸರಿಸಿದರೂ ಆ ಬಾಗಿನ ಯಾವುದೋ ಒಂದು ಪಟ್ಟಿ ಅದನ್ನು ಹಿಡಿದು ಲೆನ್ಸಿಗೆ ಎಸೆಯುತ್ತದೆ. ಮೊದಲ ದಿನ ಛತ್ರಿಗಳು ನನ್ನನ್ನು ಬಿಡದೆ ಕಾಡಿದ್ದಕ್ಕೆ ಇದೇ ಕಾರಣ. ಅದೇ ದೀಪವನ್ನು ಕ್ಯಾಮೆರಾದ ತಲೆಯ ಮೇಲೆ ಎತ್ತರಕ್ಕೆ ಏರಿಸಿ 45 ಡಿಗ್ರಿ ಕೆಳಮುಖವಾಗಿ ಇಳಿಸಿದರೆ, ನೆಟ್ಟನೆಯ ಗಾಜು ಅದನ್ನು ಅಷ್ಟೇ ಕೋನದಲ್ಲಿ ನೆಲದ ಕಡೆಗೆ ಹಿಂದಿರುಗಿಸುತ್ತದೆ, ಕ್ಯಾಮೆರಾಕ್ಕೆ ಅದು ಕಾಣುವುದೇ ಇಲ್ಲ. ಲೇಬಲ್ಲಿನ ಕಾಗದ ಮಾತ್ರ ಬೆಳಕನ್ನು ಎಲ್ಲ ಕಡೆಗೂ ಚದುರಿಸುವುದರಿಂದ ಕ್ಯಾಮೆರಾಕ್ಕೂ ಅದರ ಪಾಲು ಸಿಗುತ್ತದೆ. ಕಪ್ಪು ಕಾಗದವನ್ನು ಕೊಳವೆಯಂತೆ ಸುತ್ತಿ ಸಣ್ಣ ಫ್ಲ್ಯಾಶಿನ ಮೂತಿಗೆ ಸಿಕ್ಕಿಸಿ, ಬೆಳಕು ಲೇಬಲ್ಲಿನ ಮೇಲಷ್ಟೇ ಬೀಳುವಂತೆ ಮಾಡಿದೆ. ಬಾಟಲಿಯ ಭುಜದಲ್ಲಿ, ಗಾಜು ಎರಡೂ ಕಡೆಗೆ ಬಾಗುವ ಜಾಗದಲ್ಲಿ, ಒಂದು ಸಣ್ಣ ಹೊಳಪು ಉಳಿಯಿತು. ಅದು ಅಲ್ಲಿರುವುದರಿಂದಲೇ ಗಾಜು ಗಾಜಿನಂತೆ ಕಾಣುತ್ತದೆ ಎನಿಸಿ ಅದನ್ನು ಅಳಿಸಲಿಲ್ಲ. ಚಪ್ಪಟೆ ಮುಖದ ಚೌಕ ಬಾಟಲಿಗಳ ಸ್ವಭಾವ ಬೇರೆ: ಅವು ಒಂದೇ ದಿಕ್ಕಿನ ದೀಪವನ್ನು ಹಿಡಿಯುತ್ತವೆ, ಹಿಡಿದರೆ ಇಡೀ ಮುಖವೇ ಬೆಳ್ಳಗಾಗುತ್ತದೆ, ಬಾಟಲಿಯನ್ನು ನಾಲ್ಕು ಡಿಗ್ರಿ ತಿರುಗಿಸಿದರೆ ಬಿಟ್ಟುಬಿಡುತ್ತವೆ.

ಇದುವರೆಗೆ ಹೇಳಿದ್ದು ಬಿಳಿ ಹಿನ್ನೆಲೆಯ ಮಾತು. ಇದನ್ನು ಅಂಗಿಯಂತೆ ಒಳಹೊರಗು ಮಾಡಿದರೆ ಕಪ್ಪು ಹಿನ್ನೆಲೆಯ ವಿಧಾನ ಸಿಗುತ್ತದೆ. ಚೌಕಟ್ಟನ್ನು ತುಂಬುವ ಜಾಗ ಕಪ್ಪಾಗಿದ್ದು ಅದರ ಸುತ್ತಲಿನ ಜಾಗ ಬೆಳಗುತ್ತಿದ್ದರೆ, ಗಾಜಿನ ನಡುಭಾಗ ಕತ್ತಲಾಗಿ, ಬದಿಗಳನ್ನು ನೋಡುವ ಅಂಚು ಮಾತ್ರ ಬೆಳ್ಳಿ ಗೆರೆಯಂತೆ ಹೊಳೆಯುತ್ತದೆ. ಅದೇ ಸಾಫ್ಟ್‌ಬಾಕ್ಸಿನ ಮುಂದೆ, ಕಿಂಡಿಗಾಗಿ ಕತ್ತರಿಸಿ ತೆಗೆದಿಟ್ಟಿದ್ದ 24ಕ್ಕೆ 36ರ ಕಪ್ಪು ತುಂಡನ್ನೇ ದಾರದಲ್ಲಿ ನೇತುಹಾಕಿದರೆ ಮುಗಿಯಿತು. ಚಾರ್ಟ್ ಪೇಪರಿನ ಯಾವ ಚೂರೂ ವ್ಯರ್ಥವಾಗುವುದಿಲ್ಲ. ಬರಿದಾದ ಗಾಜಿಗೆ, ಕೆತ್ತನೆಯ ಗಾಜಿಗೆ ಇದು ಒಪ್ಪುತ್ತದೆ. ಕಂದೀಲಿನ ಗಾಜೊಂದನ್ನು ಹೀಗೆ ತೆಗೆದಾಗ ಅದರ ಉಬ್ಬಿದ ಹೊಟ್ಟೆ, ಸಣ್ಣ ಕತ್ತು, ಊದಿ ಮಾಡಿದ ಗಾಜಿನಲ್ಲಿ ಸಿಕ್ಕಿಬಿದ್ದ ಗುಳ್ಳೆಗಳು ಎಲ್ಲವೂ ಕತ್ತಲೆಯಲ್ಲಿ ಬರೆದ ಗೆರೆಗಳಾದವು.

ಸನ್ಮಾನ ಸಮಾರಂಭಗಳಿಗೆ ಗಾಜಿನ ನೆನಪಿನ ಕಾಣಿಕೆ ಮಾಡಿಕೊಡುವ ಅಂಗಡಿಯವರೊಬ್ಬರಿಗೆ ನಾನು ಈಗ ಇದೇ ರೀತಿಯಲ್ಲಿ ಚಿತ್ರ ತೆಗೆದುಕೊಡುತ್ತೇನೆ. ನುಣುಪಾದ ಗಾಜು ಬೆಳಕನ್ನು ಚದುರಿಸುವುದಿಲ್ಲ ಎಂದು ಹಿಂದೆ ಹೇಳಿದೆನಷ್ಟೆ. ಕೆತ್ತಿದ ಅಕ್ಷರಗಳ ತರಿತರಿ ಮೈ ಚದುರಿಸುತ್ತದೆ. ಹಾಗಾಗಿ ದಪ್ಪ ಗಾಜಿನ ಕೆಳ ಅಂಚಿನಿಂದ ಒಂದು ಸಣ್ಣ ದೀಪವನ್ನು ಮೇಲ್ಮುಖವಾಗಿ ಹಾಯಿಸಿದರೆ, ಬೆಳಕು ಗಾಜಿನೊಳಗೆ ಆಚೀಚೆ ಗೋಡೆಗಳಿಗೆ ಬಡಿಯುತ್ತ ಮೇಲೇರಿ, ಅಕ್ಷರಗಳು ಸಿಕ್ಕಲ್ಲಿ ಮಾತ್ರ ಹೊರಗೆ ಬರುತ್ತದೆ. ಹೆಸರು ಕಪ್ಪಿನ ಮೇಲೆ ಸುಣ್ಣದಲ್ಲಿ ಬರೆದಷ್ಟು ಬೆಳ್ಳಗೆ ಕಾಣುತ್ತದೆ, ಉಳಿದ ಗಾಜು ಕಾಣುವುದೇ ಇಲ್ಲ. ಆದರೆ ಈ ವಿಧಾನ ಧೂಳನ್ನೂ ಬೆರಳ ಗುರುತನ್ನೂ ಅಷ್ಟೇ ಪ್ರೀತಿಯಿಂದ ತೋರಿಸುತ್ತದೆ. ಹತ್ತಿಯ ಕೈಗವಸು ಹಾಕದೆ ವಸ್ತುವನ್ನು ಮುಟ್ಟಿದರೆ ಮುಂದಿನ ಎರಡು ಗಂಟೆ ಕಂಪ್ಯೂಟರಿನ ಮುಂದೆ ಕಲೆ ಅಳಿಸುತ್ತ ಕೂರಬೇಕಾಗುತ್ತದೆ. ಬಣ್ಣದ ಪಾನೀಯಗಳಿಗಂತೂ ಕಪ್ಪು ಹಿನ್ನೆಲೆ ಒಂದು ಪರೀಕ್ಷೆಯೇ ಸರಿ, ಏಕೆಂದರೆ ಹಿಂದೆ ಬೆಳಕಿಲ್ಲದಿದ್ದರೆ ಪಾನೀಯಕ್ಕೆ ಬಣ್ಣವಿಲ್ಲ. ಮುರುಗಲು ಶರಬತ್ತಿನ ಲೋಟವೊಂದಕ್ಕೆ ನಾನು ಸಿಹಿತಿಂಡಿ ಡಬ್ಬಿಯ ಚಿನ್ನದ ಬಣ್ಣದ ರಟ್ಟನ್ನು ಲೋಟದ ಆಕಾರಕ್ಕೆ, ಅದಕ್ಕಿಂತ ಒಂದು ನೂಲು ಕಿರಿದಾಗಿ ಕತ್ತರಿಸಿ, ಲೋಟದ ಹಿಂದೆಯೇ ಓರೆಯಾಗಿ ನಿಲ್ಲಿಸಿ, ಮೇಲಿನ ಬೆಳಕನ್ನು ಅದರಿಂದ ಶರಬತ್ತಿನೊಳಕ್ಕೆ ತಿರುಗಿಸಿದೆ. ಕಡುಗೆಂಪು ಒಳಗಿನಿಂದಲೇ ಹೊತ್ತಿಕೊಂಡಂತಾಯಿತು.

ಲೆನ್ಸಿನ ಮುಂದೆ ಪೋಲರೈಸರ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಫಿಲ್ಟರ್) ಹಾಕಿದರೆ ಪ್ರತಿಬಿಂಬ ಹೋಗುವುದಿಲ್ಲವೇ ಎಂದು ಬಹಳ ಜನ ಕೇಳುತ್ತಾರೆ. ಹೋಗುತ್ತದೆ, ಆದರೆ ಪೂರ್ತಿಯಾಗಿ ಹೋಗುವುದು ಒಂದು ಕೋನದಲ್ಲಿ ಮಾತ್ರ. 1808ರಲ್ಲಿ ಪ್ಯಾರಿಸಿನಲ್ಲಿ ಎಟಿಯೆನ್ ಲೂಯಿ ಮಾಲು ಎಂಬ ವಿಜ್ಞಾನಿ ಲಕ್ಸೆಂಬರ್ಗ್ ಅರಮನೆಯ ಕಿಟಕಿಯ ಗಾಜಿನಲ್ಲಿ ಹೊಳೆಯುತ್ತಿದ್ದ ಇಳಿಬಿಸಿಲನ್ನು ಸ್ಫಟಿಕವೊಂದರ ಮೂಲಕ ನೋಡುತ್ತ, ಸ್ಫಟಿಕವನ್ನು ತಿರುಗಿಸಿದಂತೆ ಆ ಹೊಳಪು ಮಂಕಾಗುವುದನ್ನು ಗಮನಿಸಿದ. ಗಾಜಿನಿಂದ ಪ್ರತಿಫಲಿಸಿದ ಬೆಳಕು ಧ್ರುವೀಕರಣಗೊಂಡಿರುತ್ತದೆ, ಎಂದರೆ ಅದರ ಕಂಪನ ಹೆಚ್ಚಾಗಿ ಒಂದೇ ದಿಕ್ಕಿನದಾಗಿರುತ್ತದೆ ಎಂದು ತಿಳಿದದ್ದು ಹೀಗೆ. ಯಾವ ಕೋನದಲ್ಲಿ ಅದು ಪೂರ್ತಿಯಾಗಿರುತ್ತದೆ ಎಂಬ ನಿಯಮವನ್ನು 1815ರಲ್ಲಿ ಡೇವಿಡ್ ಬ್ರೂಸ್ಟರ್ ಕೊಟ್ಟ. ಸಾಮಾನ್ಯ ಗಾಜಿಗೆ ಅದು ಗಾಜಿನ ಮೈಗೆ ಎಳೆದ ಲಂಬರೇಖೆಯಿಂದ ಸುಮಾರು 56 ಡಿಗ್ರಿ. ದುಂಡು ಬಾಟಲಿಯ ಮೈಯಲ್ಲಿ ಪ್ರತಿಯೊಂದು ಪಟ್ಟಿಯೂ ಬೇರೆ ಬೇರೆ ಕೋನದಲ್ಲಿ ಇರುವುದರಿಂದ ಪೋಲರೈಸರ್ ಒಂದು ಕಡೆಯ ಹೊಳಪನ್ನು ಅಳಿಸಿ ಇನ್ನೊಂದು ಕಡೆಯದನ್ನು ಹಾಗೆಯೇ ಬಿಡುತ್ತದೆ, ಜೊತೆಗೆ ಒಂದೂವರೆ ಎರಡು ಸ್ಟಾಪಿನಷ್ಟು (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿಯುವುದು ಇಲ್ಲವೇ ಇಮ್ಮಡಿಯಾಗುವುದು) ಬೆಳಕನ್ನು ಕಬಳಿಸುತ್ತದೆ. ಬಾಟಲಿಗಳಿಗೆ ನಾನು ಅದನ್ನು ಬಳಸುವುದನ್ನು ಬಿಟ್ಟಿದ್ದೇನೆ. ಚೌಕಟ್ಟು ಹಾಕಿಸಿದ ಹಿರಿಯರ ಹಳೆಯ ಫೋಟೋಗಳನ್ನು, ಗಾಜು ತೆಗೆದರೆ ಚಿತ್ರ ಕಿತ್ತುಬರುವ ಭಯದಿಂದ ಗಾಜಿನ ಸಮೇತ ನಕಲು ಮಾಡಿಕೊಡಿ ಎಂದು ಜನ ತರುವುದುಂಟು. ಅಲ್ಲಿಯೂ ಪೋಲರೈಸರ್ ಇಲ್ಲದೆಯೇ ಕ್ಯಾಮೆರಾವನ್ನು ನೇರ ಎದುರಿಗಿಟ್ಟು, ದೀಪಗಳನ್ನು ಎರಡೂ ಪಕ್ಕದಲ್ಲಿ 45 ಡಿಗ್ರಿಗೆ ಸರಿಸಿ, ಲೆನ್ಸಿನಷ್ಟೇ ತೂತಿರುವ ಕಪ್ಪು ಬಟ್ಟೆಯ ಹಿಂದೆ ಕ್ಯಾಮೆರಾವನ್ನೂ ನನ್ನನ್ನೂ ಅಡಗಿಸಿಕೊಂಡರೆ ಕೆಲಸ ನಡೆಯುತ್ತದೆ.

ಮಳೆಗಾಲದ ಬಗ್ಗೆ ಎರಡು ಮಾತು. ಆಗುಂಬೆಯಂತೆ ವರ್ಷಕ್ಕೆ 7000 ಮಿ.ಮೀ. ದಾಟಿ ಮಳೆ ಸುರಿಯುವ ಊರು ಶಿವಮೊಗ್ಗವಲ್ಲವಾದರೂ, ಜುಲೈ ತಿಂಗಳಲ್ಲಿ ಇಲ್ಲಿಯ ಗಾಳಿಯೂ ಹಿಂಡಿದರೆ ನೀರು ಬರುವಂತಿರುತ್ತದೆ. ಬೆಳಕನ್ನು ಮೆತ್ತಗಾಗಿಸಲು ದೀಪದ ಮುಂದೆ ಕಟ್ಟುವ ಬಟರ್ ಪೇಪರ್ ತೇವ ಹೀರಿ ಅಲೆಅಲೆಯಾಗಿ ಸುಕ್ಕುಗಟ್ಟುತ್ತದೆ, ಆ ಅಲೆಗಳು ಬಾಟಲಿಯೊಳಗೆ ಮಸುಕು ನೆರಳುಗಳಾಗಿ ಕಾಣುತ್ತವೆ. ನಾಮಫಲಕ ಮಾಡುವವರ ಬಳಿ ಉಳಿದುಬಿದ್ದ ಹಾಲುಬಣ್ಣದ ಅಕ್ರಿಲಿಕ್ ತುಂಡನ್ನು ತಂದ ಮೇಲೆ ಆ ಕಾಟ ತಪ್ಪಿತು. ಫ್ರಿಜ್ಜಿನಿಂದ ತೆಗೆದ ಬಾಟಲಿ ಮೇಜಿಗೆ ಬರುವ ಮೊದಲೇ ಬೆವರುತ್ತದೆ, ಲೇಬಲ್ ಒದ್ದೆಯಾಗುತ್ತದೆ. ತಂಪು ಪಾನೀಯದ ಮೇಲೆ ಹನಿಗಳು ಬೇಕೇಬೇಕಾದರೆ ನೀರು ಮತ್ತು ಗ್ಲಿಸರಿನನ್ನು ಸಮಸಮವಾಗಿ ಬೆರೆಸಿ ಹೊರಮೈಗೆ ಸಿಂಪಡಿಸುವುದು ಎಲ್ಲರೂ ಮಾಡುವ ಉಪಾಯ, ಆ ಹನಿಗಳು ಗಂಟೆಗಟ್ಟಲೆ ಜಾರದೆ ನಿಲ್ಲುತ್ತವೆ. ಕರೆಂಟು ಹೋದ ದಿನ ಕಿಟಕಿಯೇ ದೀಪ. ಮೋಡ ಕವಿದ ಆಕಾಶಕ್ಕಿಂತ ಮೆತ್ತನೆಯ ಬೆಳಕನ್ನು ಯಾವ ಸಾಫ್ಟ್‌ಬಾಕ್ಸೂ ಕೊಡಲಾರದು. ಆ ಅಕ್ರಿಲಿಕ್ ತುಂಡನ್ನು ಕಿಟಕಿಗೆ ಒರಗಿಸಿ, ಸುತ್ತ ಕಪ್ಪು ಬಟ್ಟೆ ಇಳಿಬಿಟ್ಟು, ಕೋಣೆಯ ಉಳಿದ ಕಿಟಕಿ ಬಾಗಿಲುಗಳನ್ನೆಲ್ಲ ಮುಚ್ಚಿ, ಟ್ರೈಪಾಡಿನ ಮೇಲೆ ಅರ್ಧ ಸೆಕೆಂಡಿನ ಎಕ್ಸ್‌ಪೋಶರ್ ಕೊಟ್ಟು ತೆಗೆದ ಚಿತ್ರಗಳು ಫ್ಲ್ಯಾಶಿನಲ್ಲಿ ತೆಗೆದವುಗಳಿಗೆ ಏನೂ ಕಡಿಮೆಯಾಗಲಿಲ್ಲ.

ಎರಡು ದಿನ ಬಿಟ್ಟು ಹಿರಿಯರು ಮಗಳನ್ನೂ ಕರೆದುಕೊಂಡು ಬಂದರು. ನನ್ನ ಬುದ್ಧಿವಂತಿಕೆಯನ್ನು ಒಂದಿಷ್ಟು ಮೆರೆಸುವ ಆಸೆಯಿಂದ ನಾನು ಮೊದಲು ತೋರಿಸಿದ್ದು ಎರಡು ಎಕ್ಸ್‌ಪೋಶರ್‌ಗಳನ್ನು ಬೆಸೆದ ಚಿತ್ರ. ಹಿಂದಿನಿಂದ ಬರುವ ಬೆಳಕೊಂದೇ ಇರುವಾಗ ಬಿಳಿ ಹಿನ್ನೆಲೆಗೂ ಜೇನಿಗೂ ನಡುವಿನ ಅನುಪಾತವನ್ನು ಜೇನೇ ನಿರ್ಧರಿಸುತ್ತದೆ. ದೀಪವನ್ನು ಹೆಚ್ಚಿಸಿದರೆ ಎರಡೂ ಒಟ್ಟಿಗೆ ಏರುತ್ತವೆ. ತುಡುವೆ ಜೇನು ಕಡುಬಣ್ಣದ್ದಾಗಿದ್ದರಿಂದ ಹಿನ್ನೆಲೆ ಸರಿಯಾದಾಗ ಜೇನು ನನ್ನ ಕಣ್ಣಿಗೆ ಕಂದಾಗಿ ಕಂಡಿತ್ತು, ಹಾಗಾಗಿ ಒಂದೂವರೆ ಸ್ಟಾಪ್ ಹೆಚ್ಚು ಕೊಟ್ಟು ಇನ್ನೊಂದು ಚಿತ್ರ ತೆಗೆದು, ಅದರ ಜೇನನ್ನು ಮೊದಲನೆಯದರ ಅಂಚಿನೊಳಗೆ ಕೂರಿಸಿದ್ದೆ. ಅದು ಹೊಂಬಣ್ಣದಲ್ಲಿ ಥಳಥಳ ಹೊಳೆಯುತ್ತಿತ್ತು. ಮಗಳಿಗೆ ಬಹಳ ಹಿಡಿಸಿತು. ಹಿರಿಯರು ಏನೂ ಹೇಳದೆ ಪೆಟ್ಟಿಗೆಯಿಂದ ಒಂದು ಬಾಟಲಿ ತೆಗೆದು, ಕಿಟಕಿಯ ಬಳಿಗೆ ಹೋಗಿ, ಅದನ್ನು ಬೆಳಕಿಗೆ ಹಿಡಿದರು. ಒಮ್ಮೆ ಅದನ್ನು, ಒಮ್ಮೆ ಮಾನಿಟರನ್ನು ನೋಡಿ, "ನಮ್ಮ ಜೇನು ಇಷ್ಟು ತಿಳಿ ಇಲ್ಲ. ಇದನ್ನು ನೋಡಿ ತರಿಸಿಕೊಂಡವರು, ಬಾಟಲಿ ಕೈಗೆ ಬಂದ ಮೇಲೆ ನಮ್ಮನ್ನು ಬೈತಾರೆ ಮಾರಾಯ್ರೆ" ಎಂದರು.

ಬೆಸೆದ ಚಿತ್ರವನ್ನು ಬದಿಗಿಟ್ಟು, ಒಂದೇ ಎಕ್ಸ್‌ಪೋಶರಿನದನ್ನು ತೆರೆದೆ. ಅವರು ಮತ್ತೆ ಬಾಟಲಿಯನ್ನು ಕಿಟಕಿಗೆ ಹಿಡಿದು ನೋಡಿ ತಲೆಯಾಡಿಸಿದರು. ಎಕ್ಸ್‌ಪೋಶರನ್ನೂ ಬಣ್ಣದ ಹೊಂದಾಣಿಕೆಯಾದ ವೈಟ್ ಬ್ಯಾಲೆನ್ಸನ್ನೂ ಅಲ್ಲಿಗೇ ಕಟ್ಟಿಹಾಕಿ, ದೀಪವನ್ನಾಗಲೀ ಕ್ಯಾಮೆರಾವನ್ನಾಗಲೀ ಮುಟ್ಟದೆ, ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಗುರುತು ಮಾಡಿದ ಒಂದೇ ಜಾಗದಲ್ಲಿ ಬಾಟಲಿಗಳನ್ನು ಒಂದಾದ ಮೇಲೊಂದು ಇಟ್ಟು ಎಲ್ಲವನ್ನೂ ಆ ಮಧ್ಯಾಹ್ನವೇ ತೆಗೆದು ಮುಗಿಸಿದೆ. 12ರಲ್ಲಿ 2 ಚಿತ್ರಗಳು ಉಳಿದವಕ್ಕಿಂತ ಕಪ್ಪಾಗಿ ಬಂದವು. ನಾನು ಅವನ್ನು ಸರಿಪಡಿಸಲು ಹೊರಟಾಗ ಹಿರಿಯರು ತಡೆದರು. ಅವೆರಡು ಬೇರೆ ಗೂಡಿನವು, ಕೊನೆಯ ಸಲ ತೆಗೆದ ಜೇನು, ಹಾಗೆಯೇ ಇರಲಿ ಎಂದರು.